ನಿಗೂಢ ಮರ ಅಲ್ಲ, ಅಳೆಯದ ಮರ

‘ಹಳೆ ಇಗರ್ಜಿಯ ಅಂಗಳದಲ್ಲಿ ನಿಗೂಢ ದೈತ್ಯ ಮರ! ವಿಜ್ಞಾನಿಗಳಿಗೂ ಸವಾಲು!’ ಇಂಥ ತಲೆಬರಹ ಕಂಡರೆ ನನಗೆ ಮೈ ಉರಿಯುತ್ತದೆ. ಸವಾಲು ಎಂತದ್ದು ಮಾರಾಯ್ರೆ? ಯಾವ ವಿಜ್ಞಾನಿಯನ್ನು ಕರೆದು ತೋರಿಸಿದ್ದಾರೆ? ಮರದ ಹೆಸರು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅಂತ ಬರೆಯಲಿ. ಗೊತ್ತಿಲ್ಲದ್ದನ್ನೆಲ್ಲ ನಿಗೂಢ ಅನ್ನುವುದು, ಕೋಡ್ ಓದದೆ ‘ಸರ್ವರಿನಲ್ಲಿ ಭೂತ ಉಂಟು’ ಅಂದ ಹಾಗೆ.

ಇಗರ್ಜಿ ಅಂಗಳದ ಮರಗಳಲ್ಲಿ ತುಂಬ ಹೆಸರಾದದ್ದು ಸ್ಕಾಟ್ಲೆಂಡಿನ ಫೋರ್ಟಿಂಗಲ್ ಎಂಬ ಹಳ್ಳಿಯ ಯೂ ಮರ. ಏಸುವಿಗೆ ಶಿಕ್ಷೆ ಕೊಟ್ಟ ಪಿಲಾತ ಅದರ ನೆರಳಲ್ಲೇ ಹುಟ್ಟಿದ ಅಂತ ಊರವರ ಕತೆ. ನಂಬುವವರು ನಂಬಲಿ. ಆದರೆ 1769ರಲ್ಲೇ ಡೇನ್ಸ್ ಬ್ಯಾರಿಂಗ್ಟನ್ ಎಂಬಾತ ಅದರ ಸುತ್ತಳತೆ ತೆಗೆದು 52 ಅಡಿ ಅಂತ ಬರೆದಿಟ್ಟ. ಆಮೇಲೆ ಬಂದವರು ನೆನಪಿಗೆಂದು ಒಂದೊಂದು ಚೂರು ಕಿತ್ತುಕೊಂಡು ಹೋದರು, ಕೊನೆಗೆ ಸುತ್ತ ಗೋಡೆ ಕಟ್ಟಬೇಕಾಯಿತು. ಕಾಂಡದ ತಿರುಳೆಲ್ಲ ಹೋದ್ದರಿಂದ ಉಂಗುರ ಎಣಿಸಿ ವಯಸ್ಸು ಹೇಳಲು ಆಗುವುದಿಲ್ಲ. ಎರಡು–ಮೂರು ಸಾವಿರ ವರ್ಷ ಅಂತ ಅಂದಾಜು, 5,000 ಅನ್ನುವವರೂ ಇದ್ದಾರೆ. ಮರ ಗಂಡು ಅಂತ ದಾಖಲೆ ಇತ್ತು. 2015ರಲ್ಲಿ ಒಂದು ಕೊಂಬೆಯಲ್ಲಿ ಕೆಂಪು ಹಣ್ಣು ಕಾಣಿಸಿತು, ಅಂದರೆ ಆ ಕೊಂಬೆ ಮಾತ್ರ ಹೆಣ್ಣಾಗಿತ್ತು! ಆಶ್ಚರ್ಯ ಅಂದರೆ ಇದು. ಮೊದಲು ಗಂಡು ಅಂತ ಗೊತ್ತಿದ್ದದ್ದಕ್ಕೆ, ನೋಡುತ್ತಾ ಇದ್ದದ್ದಕ್ಕೆ ಆಶ್ಚರ್ಯ ಆಯಿತು.

ನಮ್ಮ ರಾಜ್ಯದಲ್ಲಿ ಇಂಥದ್ದು ಅಂದರೆ ಸವಣೂರಿನ ದೊಡ್ಡಹುಣಸೆ ಮಠದ ಮೂರು ಮರ. ಅವು ಹುಣಸೆ ಅಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಕಾಯಿಯ ತಿರುಳು ಹುಳಿ, ಹಾಗಾಗಿ ಜನ ದೊಡ್ಡ ಹುಣಸೆ ಅಂದರು. ನೋಡಿ, ಹಳ್ಳಿಯವರು ‘ನಿಗೂಢ’ ಅನ್ನಲಿಲ್ಲ, ತಿಂದು ನೋಡಿ ಹೆಸರಿಟ್ಟರು. ವಯಸ್ಸಿನ ವಿಷಯಕ್ಕೆ ಬಂದರೆ ಮಾತ್ರ ನಾವು ಬಾಯಿಗೆ ಬಂದಷ್ಟು ಸಾವಿರ ಹೇಳುತ್ತೇವೆ. ರುಮೇನಿಯಾದ ಏಡ್ರಿಯನ್ ಪಾಟ್ರುಟ್ ರೇಡಿಯೋ ಕಾರ್ಬನ್ ಲೆಕ್ಕ ಹಾಕಿದಾಗ ಆಫ್ರಿಕಾದ ಅತಿ ಹಳೆಯ ಬಾವೋಬಾಬಿಗೇ ಸುಮಾರು 2,450 ವರ್ಷ ಬಂದದ್ದು. 2023ರ ಮಳೆಗಾಲದಲ್ಲಿ ಸವಣೂರಿನ ಮೂರರಲ್ಲಿ ಒಂದು ಬುಡಮೇಲಾಯಿತು, ಯಂತ್ರ ತರಿಸಿ ಎತ್ತಿ ಮತ್ತೆ ನೆಟ್ಟರು. ಹೆಸರಿದ್ದ ಮರ, ಕೇಳುವವರಿದ್ದ ಮರ.

ಈಗ ನಮ್ಮ ಊರಿಗೆ ಬನ್ನಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು ಅಂತ ಶಾಲೆ ಮಕ್ಕಳಿಗೂ ಗೊತ್ತು. ಕಂಬ ಎಣಿಸಿದ್ದೇವೆ, ಮರ ಎಣಿಸಿಲ್ಲ. ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಈ ಕಡೆಯ ಇಗರ್ಜಿಗಳನ್ನು ಕೆಡವಿಸಿದ. ಮತ್ತೆ ಕಟ್ಟಿದ ಇಗರ್ಜಿಯ ಅಂಗಳದಲ್ಲಿ ಒಂದು ಹಳೆ ಮರ ಉಂಟಾದರೆ, ಅದು ಆ ವರ್ಷಕ್ಕಿಂತ ಮೊದಲಿನದ್ದೋ ಆಮೇಲಿನದ್ದೋ ಅನ್ನುವುದೇ ಚರಿತ್ರೆಯ ಪ್ರಶ್ನೆ. ಅದನ್ನು ಬಿಟ್ಟು ‘ರಾತ್ರಿ ಶಬ್ದ ಬರ್ತದಂತೆ’!

ನಿಗೂಢ ಅಂದರೆ ಜನ ಹೆದರಿಯಾದರೂ ಮರ ಉಳಿಸುತ್ತಾರಲ್ಲ ಅನ್ನಬೇಡಿ. ನಾಗಬನಕ್ಕಿಂತ ಹೆದರಿಕೆಯ ಜಾಗ ನಮ್ಮಲ್ಲಿ ಯಾವುದುಂಟು? ಅಲ್ಲೇ ಎಷ್ಟು ಕಡೆ ಮರ ತೆಗೆದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ ‘ಜೀರ್ಣೋದ್ಧಾರ’ ಮಾಡಿಲ್ಲ? ನಾಗನಿಗೆ ಬೇಕಾದದ್ದು ತಂಪು, ನಾವು ಕೊಟ್ಟದ್ದು ಕಾದ ಕಾವಲಿ.

ನಮ್ಮಲ್ಲಿ ಮರ ಅಳೆಯುವುದೇ ಇಲ್ಲ ಅಂತಲ್ಲ, ಅಳೆಯುತ್ತಾರೆ. ಬಿ.ಸಿ. ರೋಡಿನಿಂದ ಅಡ್ಡಹೊಳೆವರೆಗೆ, ಪುಂಜಾಲಕಟ್ಟೆಯಿಂದ ಚಾರ್ಮಾಡಿವರೆಗೆ, ಮೂಡುಬಿದಿರೆ ಮೇಲೆ ಸಾಣೂರಿನವರೆಗೆ ಹೆದ್ದಾರಿ ಅಗಲ ಮಾಡುವಾಗ ಗೋಳಿ, ಮಾವು, ಹಲಸು ಎಲ್ಲಕ್ಕೂ ನಂಬರ್ ಬಿತ್ತು. ಸುತ್ತಳತೆ, ಜಾತಿ, ಮರಮಟ್ಟಿನ ಬೆಲೆ ಸಮೇತ ಪಟ್ಟಿ. ಹುಟ್ಟಿದ್ದಕ್ಕೆ ದಾಖಲೆ ಇಲ್ಲ, ಬದುಕಿದ್ದಕ್ಕೆ ಇಲ್ಲ, ಸಾಯುವಾಗ ಮಾತ್ರ ಅಳತೆ! 50ಕ್ಕಿಂತ ಹೆಚ್ಚು ಮರ ಕಡಿಯುವ ಯೋಜನೆಗೆ ಜನರ ಆಕ್ಷೇಪ ಕೇಳಬೇಕು ಅಂತ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಉಂಟು. ಆಕ್ಷೇಪ ಹೇಳಲು ಹೋದವನ ಕೈಯಲ್ಲಿ ಎಂತ ಇರ್ತದೆ? ‘ಅಜ್ಜನ ಕಾಲದ ಮರ ಸಾರ್’ ಎಂಬ ಒಂದು ಮಾತು. ಎದುರು ಕೂತವರ ಮೇಜಿನ ಮೇಲೆ ಎಕ್ಸೆಲ್ ಶೀಟು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಒಂದು ಸಮಿತಿ, ಒಂದು ದಾಖಲಾತಿ ಪುಸ್ತಕ ಇರಬೇಕು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹಳೆ ಹುಣಸೆ ತೋಪು 2007ರಲ್ಲಿ ಪಾರಂಪರಿಕ ತಾಣ ಆದದ್ದು ಇದೇ ಕಾಯ್ದೆಯಡಿ. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ತೋರಿಸಿ ಅಂತ ಕೇಳಿ. ನಿಮ್ಮ ಊರಿನ ದೊಡ್ಡ ಮರ ಅದರಲ್ಲಿ ಉಂಟಾ ನೋಡಿ. ಇಗರ್ಜಿಗಳಲ್ಲಂತೂ ಜ್ಞಾನಸ್ನಾನ, ಮದುವೆ, ಮರಣ ಎಲ್ಲ ಬರೆದಿಡುವ ಅಭ್ಯಾಸ ಮೊದಲಿಂದಲೂ ಉಂಟು, ವಾರ್ಡಿಗೊಬ್ಬ ಗುರ್ಕಾರ್ ಇದ್ದಾರೆ. ಮರಕ್ಕೂ ಒಂದು ಪುಟ ತೆಗೆಯಲು ಯಾರ ಅಪ್ಪಣೆಯೂ ಬೇಡ. ಟೈಲರನ ಟೇಪು ಸಾಕಾಗದಿದ್ದರೆ ಹಗ್ಗ ಸುತ್ತಿ ಆಮೇಲೆ ಹಗ್ಗ ಅಳೆಯಿರಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಬೇಕು. ಬುಡದ ಬೇರನ್ನೂ ಸೇರಿಸಿ ದಾಖಲೆ ಮಾಡಲು ಹೋಗಬೇಡಿ.