ಬಾವಿ ನೀರಿನ ವರದಿ ಯಾರಿಗಾಗಿ?

ನೀರಿನ ಪರೀಕ್ಷೆ ನಮ್ಮ ಜಿಲ್ಲೆಗೆ ಈಗ ಹೊಸತಲ್ಲ. ಜಲ ಪ್ರಾಧಿಕಾರದ ಪ್ರಯೋಗಾಲಯಗಳಿವೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷಿಸಲು ತರಬೇತಿ ಕೊಡುವ ಏರ್ಪಾಡಿದೆ. ಹರಿತ ಕೇರಳ ಮಿಷನ್ ಹಲವು ಹೈಯರ್ ಸೆಕೆಂಡರಿ ಶಾಲೆಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳನ್ನೇ ಈ ಕೆಲಸಕ್ಕೆ ಸಜ್ಜುಗೊಳಿಸಿತು. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಪರೀಕ್ಷೆಯ ಕೊನೆಗೆ ಮನೆಗೆ ಬರುವುದೇನು? ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಅಚ್ಚಾದ ಒಂದು ಹಾಳೆ. ಅದರ ತುಂಬ ಅಂಕಿಗಳು. ಆ ನೀರನ್ನು ಸೇದಿ, ಕಾಯಿಸಿ, ಮಕ್ಕಳಿಗೆ ಕೊಡುವ ಕನ್ನಡದ ಗೃಹಿಣಿಗೆ ಆ ಹಾಳೆಯಿಂದ ಏನು ತಿಳಿಯಿತು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಹಿರಿಯರು ನೀರನ್ನು ನಾಲಗೆಯಿಂದ ಪರೀಕ್ಷಿಸುತ್ತಿದ್ದರು. ಉಪ್ಪಿನ ಮಟ್ಟಿಗೆ ನಾಲಗೆ ಒಳ್ಳೆಯ ಸಾಕ್ಷಿಯೇ ಹೌದು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರದಿರುವುದು ಲೇಸೆಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚು ಕಡಿಮೆ ಅಲ್ಲಿಂದಲೇ ನಾಲಗೆಗೂ ಉಪ್ಪು ತಗಲುತ್ತದೆ. ಆದರೆ ನೈಟ್ರೇಟಿಗೆ ರುಚಿಯಿಲ್ಲ. ಅದು 45 ಮಿಲಿಗ್ರಾಂ ಮೀರಿದರೆ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಅಪಾಯ. ಮಲದಿಂದ ಬರುವ ರೋಗಾಣುವಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಕನ್ನಡಿಯಂತೆ ತಿಳಿಯಾದ ಬಾವಿಯಲ್ಲೂ ಅದು ಇರಬಹುದು. ಬಾವಿಗೂ ಶೌಚಗುಂಡಿಗೂ ನಡುವೆ ಏಳೂವರೆ ಮೀಟರ್ ಅಂತರ ಬೇಕೆಂದು ಕೇರಳದ ಕಟ್ಟಡ ನಿಯಮಗಳು ವಿಧಿಸಿರುವುದು ಇದಕ್ಕಾಗಿಯೇ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರನ್ನೂ ಮಾಡುವವರು ಈ ಅಂತರವನ್ನು ಎಲ್ಲಿಂದ ತಂದಾರು? ನಮ್ಮ ಗುಂಡಿ ದೂರವಿದ್ದರೂ ನೆರೆಮನೆಯ ಗುಂಡಿ ನಮ್ಮ ಬಾವಿಯ ಪಕ್ಕದಲ್ಲೇ ಇರುತ್ತದೆ. ನಮ್ಮ ಮುರಕಲ್ಲಿನ ಮಣ್ಣು ತೂತುಗಳ ಮಣ್ಣು. ಮಳೆನೀರಿನಂತೆ ಕೊಳೆಯೂ ಅದರಲ್ಲಿ ಸುಲಭವಾಗಿ ಇಳಿಯುತ್ತದೆ.

ಕರಾವಳಿಯವರ ಕಷ್ಟ ಬೇರೆ. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ, ಮೊಗ್ರಾಲ್ ಪುತ್ತೂರು ಕಡೆಯ ಕಡಲ ಬದಿಯ ಮನೆಗಳಲ್ಲಿ ಬಾವಿಯ ಸಿಹಿನೀರು ನಿಂತಿರುವುದು ಉಪ್ಪುನೀರಿನ ಮೇಲೆಯೇ. ಕಡಲ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿ ಆಳದವರೆಗೆ ಅದು ಉಪ್ಪುನೀರನ್ನು ತಡೆದಿರುತ್ತದೆ ಎಂಬ ಲೆಕ್ಕವನ್ನು ವಿಜ್ಞಾನಿಗಳು ನೂರು ವರ್ಷಗಳ ಹಿಂದೆಯೇ ಹಾಕಿಕೊಟ್ಟಿದ್ದಾರೆ. ಅಂದರೆ ಪಂಪಿನಿಂದ ಒಂದು ಅಡಿ ನೀರು ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೇರಲು ದಾರಿಯಾಯಿತು. ಹೊಳೆಯ ಕಥೆಯೂ ಇದೇ. ಕಾಸರಗೋಡು ಪೇಟೆಗೆ ನೀರೊದಗಿಸುವ ಬಾವಿಕ್ಕರೆಯಲ್ಲಿ, 2021ರಲ್ಲಿ ಶಾಶ್ವತ ಅಣೆಕಟ್ಟು ಆಗುವ ಮುನ್ನ, ಬೇಸಗೆಯಲ್ಲಿ ಮರಳು ಚೀಲದ ಕಟ್ಟ ಕಟ್ಟಿ ಕಡಲನ್ನು ತಡೆಯಬೇಕಿತ್ತು. ಕಟ್ಟ ಒಡೆದರೆ ನಳ್ಳಿಯಲ್ಲಿ ಉಪ್ಪುನೀರು.

ಆದುದರಿಂದ ಜುಲಾಯಿಯಲ್ಲಿ ಒಮ್ಮೆ ನೀರು ಕೊಟ್ಟು 'ಎಲ್ಲ ಸರಿಯಿದೆ' ಎಂಬ ಹಾಳೆ ಪಡೆದರೆ ಅದು ಅರ್ಧ ಸತ್ಯ. ಉಪ್ಪು ತೋರುವುದು ಎಪ್ರಿಲ್, ಮೇ ತಿಂಗಳಲ್ಲಿ. ಮೇಲಿನ ಕೊಳೆ ಬಾವಿಗೆ ಇಳಿಯುವುದು ಮೊದಲ ಮಳೆಗಳಲ್ಲಿ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಆಗಲೇಬೇಕು. ರೋಗಾಣು ಪರೀಕ್ಷೆಯ ನೀರನ್ನು ಪ್ರಯೋಗಾಲಯದವರು ಕೊಡುವ ಶುದ್ಧ ಬಾಟಲಿಯಲ್ಲೇ ತುಂಬಿ, ಬಿಸಿಲು ತಗಲಿಸದೆ, ತಡಮಾಡದೆ ತಲುಪಿಸಬೇಕು. ಹಳೆಯ ಶರಬತ್ತಿನ ಬಾಟಲಿಯಲ್ಲಿ ಕೊಂಡೊಯ್ದ ನೀರು ಬಾವಿಯ ವಿಷಯ ಹೇಳುವುದಿಲ್ಲ, ಬಾಟಲಿಯ ವಿಷಯ ಹೇಳುತ್ತದೆ.

ಇನ್ನು ಕಡಲು. ಸ್ನಾನಕ್ಕೂ ಮೀನುಗಾರಿಕೆಗೂ ಯೋಗ್ಯವೆಂದು ಸರಕಾರ ಗೊತ್ತುಮಾಡಿದ ದರ್ಜೆಯ ಕಡಲನೀರಿನಲ್ಲಿ 100 ಮಿಲಿಲೀಟರಿಗೆ ಮಲಮೂಲದ ರೋಗಾಣುಗಳ ಮಿತಿ 100. ಕುಡಿಯುವ ನೀರಿನಲ್ಲಾದರೆ ಒಂದೂ ಇರಕೂಡದು. ಹೊಳೆಗೆ ಬಿಟ್ಟ ಕೊಳಚೆ ಕೊನೆಗೆ ಅಳಿವೆಗೇ ಬರುತ್ತದೆ. ಅಲ್ಲಿನ ಮರುವಾಯಿಯೂ ಕಲ್ಲುಮ್ಮಕ್ಕಾಯಿಯೂ ನೀರನ್ನು ಸೋಸಿ ಬದುಕುವ ಜೀವಿಗಳು; ನೀರಿನ ಕೊಳೆಯನ್ನು ತಮ್ಮ ಮೈಯಲ್ಲಿ ಕೂಡಿಡುತ್ತವೆ. ಕಡಲನೀರನ್ನು ಒಂದು ಇಲಾಖೆ, ಹೊಳೆಯನ್ನು ಮತ್ತೊಂದು, ಬಾವಿಯನ್ನು ಮಗದೊಂದು ನೋಡುತ್ತವೆ. ಮೂರರ ಫಲಿತಾಂಶವನ್ನೂ ಒಂದೇ ಹಾಳೆಯಲ್ಲಿಟ್ಟು ಪಂಚಾಯತಿನ ಗೋಡೆಗೆ ಅಂಟಿಸಿದರೆ ಜನಕ್ಕೆ ಎಷ್ಟೋ ವಿಷಯ ತಾನಾಗಿ ತಿಳಿದೀತು.

ಪರೀಕ್ಷೆ ಎಂದರೆ ಪ್ರಶ್ನೆ. ಕೇಳದ ಪ್ರಶ್ನೆಗೆ ಉತ್ತರ ಬಾರದು. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆಯ ಜನ ಸುರಂಗದ ನೀರನ್ನೂ ತೋಡಿನ ನೀರನ್ನೂ ಕುಡಿಯುತ್ತಲೇ ಇದ್ದರು. ಉಪ್ಪು, ಕಬ್ಬಿಣ, ರೋಗಾಣು ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಕೀಟನಾಶಕ ಕಾಣುವುದಿಲ್ಲ. ಡಾ. ವೈ. ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮುಂತಾದವರು ಬಿಡದೆ ಕೇಳಿದ ಮೇಲೆ, 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅದನ್ನೇ ಹುಡುಕಿ ನೋಡಿತು. ನೀರಿನಲ್ಲೂ ಮನುಷ್ಯರ ರಕ್ತದಲ್ಲೂ ಅದರ ಶೇಷ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ಅಡಿಕೆಗೆ ಮೈಲುತುತ್ತು ಸಿಂಪಡಿಸಿ ಡ್ರಮ್ಮನ್ನು ತೋಟದ ಕೆರೆಯಲ್ಲೇ ತೊಳೆಯುವ ಕೃಷಿಕರು ತಾಮ್ರದ ಪರೀಕ್ಷೆಯನ್ನೂ ಕೇಳಬೇಕು ಎನ್ನುವುದು ಇದೇ ಪಾಠದಿಂದ.

ಪ್ರಶ್ನೆ ಕೇಳಲು ಭಾಷೆ ಬೇಕು. ಉತ್ತರ ತಿಳಿಯಲೂ ಅದೇ ಭಾಷೆ ಬೇಕು. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡಿಗರು ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕೆಂಬ ತತ್ತ್ವವನ್ನು ಕೇರಳ ತನ್ನ 1969ರ ಭಾಷಾ ಕಾನೂನಿನಲ್ಲೇ ಒಪ್ಪಿಕೊಂಡಿತ್ತು. ಇದು ಮಲಯಾಳದ ಮೇಲಿನ ಅಸೂಯೆಯ ಮಾತಲ್ಲ. ಉಪ್ಪುನೀರಿಗೆ ಭಾಷಾಭೇದವಿಲ್ಲ, ಮಲಯಾಳಿ ನೆರೆಮನೆಯವರ ಬಾವಿಯೂ ನಮ್ಮದೂ ಒಂದೇ ಸೆಲೆಯವು. ಅವರಿಗೆ ಓದಲು ಬರುವ ಎಚ್ಚರಿಕೆ ನಮಗೂ ಓದಲು ಬರಲಿ ಎಂಬುದಷ್ಟೇ ಬೇಡಿಕೆ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ವರದಿಯಲ್ಲಿರುವ ಪಾರಿಭಾಷಿಕ ಶಬ್ದಗಳು ಇಪ್ಪತ್ತು ದಾಟಲಾರವು. ಒಮ್ಮೆ ಕನ್ನಡಕ್ಕೆ ತಂದು ಅಚ್ಚು ಹಾಕಿಸಿದರೆ ಶಾಶ್ವತವಾಗಿ ಉಳಿಯುತ್ತದೆ. ಅಂಕಿಯ ಎದುರಿಗೆ 'ಕುಡಿಯಬಹುದು', 'ಕುದಿಸಿ ಕುಡಿಯಿರಿ', 'ಕುದಿಸಿದರೂ ಕುಡಿಯಬೇಡಿ' ಎಂಬ ಮೂರು ಮಾತುಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಕು. ಈ ಮೂರನೆಯ ಮಾತು ಮುಖ್ಯ. ಕುದಿಸಿದರೆ ರೋಗಾಣು ಸಾಯುತ್ತದೆ. ಉಪ್ಪೂ ನೈಟ್ರೇಟೂ ಹೋಗುವುದಿಲ್ಲ, ನೀರು ಆರಿದಷ್ಟೂ ಗಟ್ಟಿಯಾಗುತ್ತವೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಅಧ್ಯಾಪಕರು ಈ ಶಬ್ದಪಟ್ಟಿಯನ್ನು ಒಂದು ರಜಾದಿನದಲ್ಲಿ ಮಾಡಿಕೊಡಬಲ್ಲರು. ಪಂಚಾಯತಿನ ಕನ್ನಡ ಸದಸ್ಯರು ಅದನ್ನು ಸಭೆಯಲ್ಲಿ ಮಂಡಿಸಲಿ.

ಓದುಗರೂ ತಮ್ಮ ಪಾಲಿನ ಕೆಲಸ ಮಾಡಬೇಕು. ಈ ಬೇಸಗೆಯಲ್ಲಿ ನೀರನ್ನು ಪರೀಕ್ಷೆಗೆ ಕೊಡುವಾಗ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿರಿ. ಒಬ್ಬರು ಕೇಳಿದರೆ ಅದು ತಂಟೆ ಎನಿಸೀತು. ನೂರು ಮನೆಯವರು ಕೇಳಿದರೆ ಕಚೇರಿಯ ಕ್ರಮವಾದೀತು.