ಬರೆಹದ ಕೂಲಿ

ದೀಪಾವಳಿಯ ವಿಶೇಷಾಂಕಕ್ಕೆ ಲೇಖನ ಬೇಕೆಂದು ಪತ್ರಿಕಾ ಕಚೇರಿಗಳಿಂದ ಕರೆ ಹೊರಡುವುದು ಶ್ರಾವಣದ ಹೊತ್ತಿಗೆ. ಆ ಕರೆಯನ್ನು ಎದುರುನೋಡತಕ್ಕವರು ಆಷಾಢದ ಗಾಳಿಯಲ್ಲಿಯೇ ಹಬ್ಬದ ಸಡಗರವನ್ನು ಕಲ್ಪಿಸಿಕೊಂಡು ಕಥೆಯನ್ನೋ ಪ್ರಬಂಧವನ್ನೋ ಬರೆದು ಮುಗಿಸಿರಬೇಕು. ಯಾವ ಕಚೇರಿಯ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದೆ, ತಿಂಗಳ ಮೊದಲ ತಾರೀಖಿಗೆ ಬರತಕ್ಕ ಸಂಬಳದ ಭರವಸೆಯೂ ಇಲ್ಲದೆ, ಲೇಖನಿಯೊಂದನ್ನೇ ನೆಚ್ಚಿ ಸಂಸಾರ ನಡೆಸುವ ಕನ್ನಡದ ಸ್ವತಂತ್ರ ಬರಹಗಾರರಿಗೆ ವರ್ಷದಲ್ಲಿ ಸುಗ್ಗಿಯೆಂಬುದು ಇದೊಂದೇ. ಈ ಸಂಚಿಕೆಯ ಮೊದಲ ಪುಟಗಳನ್ನು ಅವರ ವಿಷಯಕ್ಕೆ ಮೀಸಲಿಡುವುದರಲ್ಲಿ ಕನಿಕರದ ಪ್ರದರ್ಶನ ನಮ್ಮ ಉದ್ದೇಶವಲ್ಲ. ನಮ್ಮ ಮಾಸಪತ್ರಿಕೆಗಳೂ ವಾರಪತ್ರಿಕೆಗಳೂ ಬಹುಮಟ್ಟಿಗೆ ಅವರ ದುಡಿಮೆಯಿಂದ ನಡೆಯುತ್ತಿದ್ದರೂ ಆ ದುಡಿಮೆಗೆ ಬೆಲೆಯನ್ನು ಗೊತ್ತುಮಾಡುವ ಒಂದು ನ್ಯಾಯವಾದ ಕ್ರಮ ಇಷ್ಟು ಕಾಲವಾದರೂ ಏರ್ಪಟ್ಟಿಲ್ಲ. ಅದಕ್ಕೆ ಕಾರಣವೇನೆಂಬುದನ್ನು ಒಮ್ಮೆ ನೆಟ್ಟಗೆ ನೋಡಬೇಕೆಂದು ತೋರಿತು.

ಪಂಪನಿಗೆ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನು. ರಾಜಾಶ್ರಯವು ಹೋದ ಮೇಲೆ ಅದರ ಸ್ಥಾನದಲ್ಲಿ ಓದುಗರ ಆಶ್ರಯ ಬಂದಿತೆಂದು ನಾವು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಬಂದದ್ದು ಸಂಬಳದ ಆಶ್ರಯ. ಬಿ. ಎಂ. ಶ್ರೀಕಂಠಯ್ಯನವರು ಪ್ರಾಧ್ಯಾಪಕರು; ಕುವೆಂಪು ಪ್ರಾಧ್ಯಾಪಕರಾಗಿದ್ದು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದವರು; ಮಾಸ್ತಿಯವರು 1943ರಲ್ಲಿ ರಾಜೀನಾಮೆ ಕೊಡುವವರೆಗೂ ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಗಳು; ಪು. ತಿ. ನರಸಿಂಹಾಚಾರ್ಯರೂ ಕೆ. ಎಸ್. ನರಸಿಂಹಸ್ವಾಮಿಯವರೂ ಸರ್ಕಾರದ ನೌಕರಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು. ಇವರ ಕೃತಿಗಳಿಗೆ ನಾಡು ಎಷ್ಟು ಕೃತಜ್ಞವಾಗಿದ್ದರೂ ಸಾಲದು. ಇವರಲ್ಲಿ ಕೆಲವರಿಗೆ ಬಡತನದ ಪರಿಚಯವೂ ಚೆನ್ನಾಗಿಯೇ ಇದ್ದಿತು. ಆದರೂ ಪತ್ರಿಕೆಗೆ ಒಂದು ಕವಿತೆಯನ್ನು ಕಳುಹಿಸಿದಾಗ ಆ ಕವಿತೆಯ ಹಣದಿಂದಲೇ ಆ ತಿಂಗಳ ಅಕ್ಕಿ ಮನೆಗೆ ಬರಬೇಕಾದ ಸ್ಥಿತಿ ಇವರಾರದೂ ಆಗಿರಲಿಲ್ಲ. ಸಂಪಾದಕರಿಗೂ ಆ ಸಂಗತಿ ತಿಳಿದಿದ್ದಿತು. ಸಾಹಿತ್ಯ ಸೇವೆಯೆಂಬ ಮಾತು ಇಬ್ಬರ ಸಂಕೋಚವನ್ನೂ ಕಾಪಾಡಿತು. ಹೀಗೆ, ಬೇರೆಲ್ಲಿಯೋ ಸಂಬಳ ಪಡೆಯತಕ್ಕವರ ಔದಾರ್ಯವನ್ನು ಆಧಾರವಾಗಿ ಹಿಡಿದು ನಿಂತ ದರವೇ, ಸಂಬಳವೆಂಬುದನ್ನು ಕಾಣದವರಿಗೂ ದರವಾಯಿತು. ವಿಶ್ವವಿದ್ಯಾನಿಲಯಗಳೂ ಸರ್ಕಾರಿ ಇಲಾಖೆಗಳೂ ತಮಗರಿವಿಲ್ಲದಂತೆಯೇ ಕನ್ನಡ ಪತ್ರಿಕೆಗಳ ಖರ್ಚಿನ ಒಂದು ದೊಡ್ಡ ಪಾಲನ್ನು ದಶಕಗಳ ಕಾಲ ಹೊತ್ತುವು.

ಈ ಏರ್ಪಾಡಿನ ಹೊರಗೆ ನಿಂತವರೂ ಇದ್ದರು. ಗಳಗನಾಥರು (1869–1942) ಶಾಲಾ ಮಾಸ್ತರಿಕೆಯನ್ನು ಬಿಟ್ಟು, ಬರೆದ ಕಾದಂಬರಿಗಳನ್ನು ಗಂಟು ಕಟ್ಟಿ ಹೊತ್ತುಕೊಂಡು ಉತ್ತರ ಕರ್ನಾಟಕದ ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟು, ಬರೆಯುವುದು, ಅಚ್ಚುಹಾಕುವುದು, ಮಾರುವುದು ಎಂಬ ಮೂರು ಕೆಲಸಗಳನ್ನೂ ಕೈಯಲ್ಲಿ ಹಿಡಿದರು; ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿದ ಉತ್ಸಾಹದಲ್ಲಿಯೇ ಸಾಲವನ್ನೂ ಬಲ್ಲವರಾಗಿದ್ದರು. ತ. ರಾ. ಸುಬ್ಬರಾಯರು, ನಿರಂಜನರು ಪತ್ರಿಕೆಗಳ ಒಳಗೂ ಹೊರಗೂ ಬರೆದು ಬದುಕಿದರು. ಆದರೆ ಈ ಜೀವನಕ್ರಮದ ಸುಖದುಃಖಗಳನ್ನೆಲ್ಲ ಪೂರ್ಣವಾಗಿ ಅನುಭವಿಸಿದವರೆಂದರೆ ಅ. ನ. ಕೃಷ್ಣರಾಯರೇ ಸರಿ. ಅವರ ಆತ್ಮಕಥೆಯ ಹೆಸರೇ ‘ಬರಹಗಾರನ ಬದುಕು’. 1971ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಬರೆದಿದ್ದ ಕಾದಂಬರಿಗಳ ಸಂಖ್ಯೆಯೇ ನೂರನ್ನು ದಾಟಿದ್ದಿತು.

ಆ ಸಂಖ್ಯೆಯನ್ನು ಹಿಡಿದು ವಿಮರ್ಶಕರು ಅವರನ್ನು ಹೀಗಳೆದದ್ದುಂಟು. ಅವರ ಕಾದಂಬರಿಗಳಲ್ಲಿ ಕೆಲವು ಎರಡನೆಯ ಸಲ ತಿದ್ದಿಸಿಕೊಳ್ಳದೆ ಅಚ್ಚಿಗೆ ಹೋದಂತೆ ಕಾಣುತ್ತವೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ. ‘ಸಂಧ್ಯಾರಾಗ’ವನ್ನು ಬರೆದ ಕೈಯೇ ಇದನ್ನೂ ಬರೆಯಿತೇ ಎಂದು ಅಲ್ಲಲ್ಲಿ ಅನ್ನಿಸದಿರದು. ಆದರೆ ಈ ದೋಷವನ್ನು ಪ್ರತಿಭೆಯ ಲೆಕ್ಕಕ್ಕೆ ಹಾಕುವ ಮೊದಲು ಒಂದು ಸಣ್ಣ ಗಣಿತವನ್ನು ಮಾಡಬೇಕು. ಇಂದಿನ ಹಣದಲ್ಲಿಯೇ ಹೇಳುವುದಾದರೆ, ಇನ್ನೂರು ರೂಪಾಯಿ ಬೆಲೆಯ ಪುಸ್ತಕ ಸಾವಿರ ಪ್ರತಿ ಅಚ್ಚಾಗಿ, ಸಾವಿರವೂ ಮಾರಾಟವಾಗಿ, ರೂಢಿಯಲ್ಲಿರುವ ಶೇಕಡಾ 10ರ ಗೌರವಧನವು ಪೈಸೆಯೂ ಬಿಡದಂತೆ ಸಂದಾಯವಾದರೆ ಲೇಖಕನಿಗೆ ದೊರೆಯುವುದು ಇಪ್ಪತ್ತು ಸಾವಿರ ರೂಪಾಯಿ. ಇದರಲ್ಲಿ ಬೆಂಗಳೂರಿನ ಒಂದು ಸಾಧಾರಣ ಮನೆಗೆ ಎಷ್ಟು ತಿಂಗಳ ಬಾಡಿಗೆ ಕೊಡಬಹುದೆಂಬುದನ್ನು ಓದುಗರೇ ಬಲ್ಲರು. ಎರಡು ವರ್ಷ ಕುಳಿತು ಒಂದು ಕಾದಂಬರಿಯನ್ನು ತಿದ್ದುವ ಸಂಯಮವನ್ನು ಯಾರಿಂದ ನಿರೀಕ್ಷಿಸುತ್ತೇವೆಯೋ ಅವರ ಆ ಎರಡು ವರ್ಷಗಳ ಊಟದ ವಿಷಯವಾಗಿ ವಿಮರ್ಶೆಯು ಮೌನ ತಾಳುವುದು ನ್ಯಾಯವಲ್ಲ.

ಇಂದಿನ ಸ್ಥಿತಿಗೆ ಬರೋಣ. ಕಾದಂಬರಿಯಿಂದ ಬದುಕುವೆನೆಂದು ಹೊರಡುವ ಸಾಹಸಿಗಳು ಈಗ ವಿರಳ. ಇಂದಿನ ಸ್ವತಂತ್ರ ಬರಹಗಾರನ ದಿನವೆಂದರೆ ಹಲವು ಚೂರುಗಳ ಜೋಡಣೆ. ಧಾರಾವಾಹಿಯ ಸಂಭಾಷಣೆ, ಆಕಾಶವಾಣಿಯ ಭಾಷಣ, ಔಷಧದ ಡಬ್ಬಿಯೊಳಗಿಡುವ ಸೂಚನೆಯ ಅನುವಾದ, ನಿವೃತ್ತರಾದ ಗಣ್ಯರೊಬ್ಬರ ಅಭಿನಂದನ ಗ್ರಂಥದ ಕರಡು ತಿದ್ದುವಿಕೆ, ಸ್ವಂತ ಹೆಸರು ಎಲ್ಲಿಯೂ ಬಾರದ ಇನ್ನೊಬ್ಬರ ಆತ್ಮಕಥೆ. ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಕಥೆ. ಅನುವಾದದ ಕೆಲಸ ಇವುಗಳಲ್ಲಿ ಹೆಚ್ಚು ನೆಚ್ಚಬಹುದಾದದ್ದು. ಆದರೆ ಅಲ್ಲಿಯೂ ಕೂಲಿಯನ್ನು ಪದಗಳ ಲೆಕ್ಕದಲ್ಲಿ ಅಳೆಯುವುದರಿಂದ, ಪ್ರತ್ಯಯಗಳೂ ಸಂಧಿಗಳೂ ಕೂಡಿ ಒಂದೇ ಪದದಲ್ಲಿ ಒಂದು ವಾಕ್ಯದ ಅರ್ಥವನ್ನು ಹಿಡಿಸಬಲ್ಲ ನಮ್ಮ ಭಾಷೆಯಲ್ಲಿ, ಇಂಗ್ಲಿಷಿನ ಸಾವಿರ ಪದಗಳನ್ನು ಅಚ್ಚುಕಟ್ಟಾಗಿ ಕನ್ನಡಿಸಿದವರಿಗೆ ಏಳುನೂರರ ಆಸುಪಾಸಿನ ಲೆಕ್ಕ ಸಿಕ್ಕುತ್ತದೆ. ಕೂಲಿಯನ್ನು ಮೂಲದ ಪದಗಳ ಮೇಲೆ ಕಟ್ಟಬೇಕೆಂದು ಮೊದಲೇ ಕರಾರು ಮಾಡಿಕೊಳ್ಳುವುದನ್ನು ಅನುಭವಿಗಳು ಕಲಿತಿದ್ದಾರೆ. ಹೊಸಬರು ಕಲಿಯುವವರೆಗೆ ನಷ್ಟವನ್ನು ಭರಿಸುತ್ತಾರೆ.

ಈಚೆಗೆ ನಮ್ಮ ಕಚೇರಿಗೆ ಬಂದಿದ್ದ ಲೇಖಕಿಯೊಬ್ಬರು, ಬಹುಕಾಲದಿಂದ ಇದೇ ವೃತ್ತಿಯಲ್ಲಿರತಕ್ಕವರು, ಚೀಲದಿಂದ ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುವಂಥ ಉದ್ದನೆಯ ಒಂದು ಖಾತೆ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರತಿ ಪುಟದಲ್ಲಿಯೂ ಅಂಕಣಗಳು: ಲೇಖನದ ಹೆಸರು, ಕಳುಹಿಸಿದ ದಿನ, ಪತ್ರಿಕೆ, ಪ್ರಕಟವಾದ ದಿನ, ಹಣ ಬಂದ ದಿನ. ಮೊದಲ ಮೂರು ಅಂಕಣಗಳಲ್ಲಿ ಮುತ್ತು ಪೋಣಿಸಿದಂತಹ ಅಕ್ಷರಗಳು ತುಂಬಿದ್ದುವು. ನಾಲ್ಕನೆಯದು ಅಲ್ಲಲ್ಲಿ ಖಾಲಿ. ಐದನೆಯದರಲ್ಲಿ ಬರೆಹಕ್ಕಿಂತ ಬಿಳುಪೇ ಹೆಚ್ಚು. ಕೆಲವು ಕಡೆ ದಿನಾಂಕದ ಬದಲು ಪೆನ್ಸಿಲಿನಿಂದ ಸಣ್ಣ ಟಿಪ್ಪಣಿಗಳು. ಒಂದು ಕಡೆ ಪತ್ರಿಕೆಯೊಂದರ ಲೆಕ್ಕಪತ್ರ ವಿಭಾಗದವರು ಫೋನಿನಲ್ಲಿ ಕೊಟ್ಟ ಉತ್ತರವನ್ನೇ ಬರೆದುಕೊಂಡಿದ್ದರು: “ವೋಚರ್ ಪಾಸಾಗಿದೆ ಮೇಡಂ, ಸಾಹೇಬ್ರ ಸಹಿ ಒಂದು ಆಗ್ಬೇಕು, ಸೋಮವಾರ ಫೋನ್ ಮಾಡಿ.” ಅದರ ಕೆಳಗೆ ಒಂದಾದ ಮೇಲೊಂದು ಸೋಮವಾರದ ದಿನಾಂಕಗಳು. ಆಕೆ ಇದನ್ನು ತೋರಿಸುವಾಗ ದೂರಿನ ಧ್ವನಿಯೇನೂ ಇರಲಿಲ್ಲ. “ಹಣ ಕಡಮೆಯಾದರೂ ಪರವಾಗಿಲ್ಲ ಸಾರ್, ಯಾವತ್ತು ಬರುತ್ತೆ ಅಂತ ತಿಳಿದರೆ ಸಾಕು, ಮಗಳ ಕಾಲೇಜಿನ ಫೀಸಿಗೂ ಒಂದು ತಾರೀಖು ಇರುತ್ತಲ್ಲ” ಎಂದರು.

ಈ ಮಾತು ನಮಗೆ ಪ್ರಧಾನವೆಂದು ತೋರುತ್ತದೆ. ಈ ವೃತ್ತಿಯವರನ್ನು ಬಾಧಿಸುವುದು ಬಡತನಕ್ಕಿಂತ ಅನಿಶ್ಚಯ. ಲೇಖನವು ಸ್ವೀಕೃತವಾಯಿತೋ ಇಲ್ಲವೋ ಎಂಬುದು ತಿಳಿಯದು. ತಿಳಿಯದಿರುವಷ್ಟು ಕಾಲ ಅದನ್ನು ಬೇರೆ ಪತ್ರಿಕೆಗೆ ಕಳುಹಿಸುವುದು ಮರ್ಯಾದೆಯಲ್ಲ. ಮೂರು ತಿಂಗಳು ಕಾದು ಕಳುಹಿಸಿದರೆ ಮೊದಲನೆಯವರು ಅದೇ ವಾರ ಪ್ರಕಟಿಸಿಬಿಡುವುದೂ ಉಂಟು. ಹಿಂದೆ ಅಂಚೆ ಚೀಟಿ ಹಚ್ಚಿ ಸ್ವಂತ ವಿಳಾಸ ಬರೆದ ಲಕೋಟೆಯನ್ನು ಜತೆಗಿಟ್ಟು ಕಳುಹಿಸುತ್ತಿದ್ದ ಕಾಲದಲ್ಲಿ, ಅಸ್ವೀಕೃತವಾದ ಲೇಖನವಾದರೂ ಮನೆಗೆ ಹಿಂದಿರುಗುತ್ತಿದ್ದಿತು. ಈಗ ಮಿಂಚಂಚೆಯಲ್ಲಿ ಹೋದದ್ದು ಹೋಯಿತು. ವಿವಾಹದ ವಿಷಯದಲ್ಲಿ ವರನ ಕಡೆಯವರು ಹೀಗೆ ಉತ್ತರ ಕೊಡದೆ ಕೂತರೆ ಊರಿನವರು ಸುಮ್ಮನಿರುತ್ತಿರಲಿಲ್ಲ.

ಇನ್ನು ಉಪಕರಣದ ತೊಡಕು. ಮನೆಯ ಕಂಪ್ಯೂಟರಿನಲ್ಲಿ ಯುನಿಕೋಡಿನಲ್ಲಿ ಬರೆದದ್ದನ್ನು, ಹಳೆಯ ಪೇಜ್‌ಮೇಕರ್ ತಂತ್ರಾಂಶದಲ್ಲಿ ಪುಟ ಕಟ್ಟುವ ಮುದ್ರಣಾಲಯದವರು ನುಡಿ ಅಕ್ಷರಗಳಿಗೆ ಪರಿವರ್ತಿಸಿ ಕೊಡಬೇಕೆಂದು ಕೇಳುತ್ತಾರೆ. ಪರಿವರ್ತಿಸಿದರೆ ಒತ್ತಕ್ಷರಗಳು ಕಳಚಿ, ಅರ್ಕಾವತ್ತು ಇರಬೇಕಾದೆಡೆ ಅಪರಿಚಿತ ಚಿಹ್ನೆಯೊಂದು ಕುಳಿತು, ಕೊಂಬು ದೀರ್ಘಗಳು ಸ್ಥಳ ಬದಲಾಯಿಸಿ, ಲೇಖಕನು ತನ್ನ ಬರೆಹವನ್ನೇ ಅಕ್ಷರಕ್ಷರವಾಗಿ ಎರಡನೆಯ ಸಲ ತಿದ್ದಬೇಕಾಗುತ್ತದೆ. ಈ ಎರಡನೆಯ ದುಡಿಮೆಗೆ ಯಾರೂ ಕೂಲಿಯನ್ನು ಗೊತ್ತುಮಾಡಿಲ್ಲ.

ಕಾನೂನು ಏನೂ ಮಾಡಿಲ್ಲವೇ ಎಂದರೆ, ಮಾಡಿದೆ. ಆದರೆ ಇವರ ಮನೆಯ ಬಾಗಿಲನ್ನು ದಾಟಿ ಮುಂದೆ ಹೋಗಿದೆ. 1955ರಲ್ಲಿ ಕಾರ್ಯನಿರತ ಪತ್ರಕರ್ತರಿಗಾಗಿ ಕಾನೂನು ಬಂದು, ವೇತನ ಮಂಡಳಿಗಳು ಏರ್ಪಟ್ಟುದು ನೌಕರಿಯಲ್ಲಿದ್ದವರಿಗಾಗಿ. ಪುಸ್ತಕಗಳ ಗೌರವಧನಕ್ಕೆ ಆದಾಯ ತೆರಿಗೆಯಲ್ಲಿ, ಹಳೆಯ ಪದ್ಧತಿಯಂತೆ ಲೆಕ್ಕ ಕೊಡುವವರಿಗೆ, ಮೂರು ಲಕ್ಷ ರೂಪಾಯಿಯವರೆಗೆ ವಿನಾಯಿತಿಯನ್ನು ಕಲ್ಪಿಸಿದ್ದಾರೆ. ಅಷ್ಟು ದೊಡ್ಡ ಗೌರವಧನವನ್ನು ಕಲ್ಪಿಸಿಕೊಂಡ ಶಾಸನಕರ್ತರ ಆಶಾವಾದವನ್ನು ಮೆಚ್ಚಬೇಕು. ಅದೇ ವಿನಾಯಿತಿಯಿಂದ ಪತ್ರಿಕೆಗಳನ್ನೂ ಪಠ್ಯಪುಸ್ತಕಗಳನ್ನೂ ಹೊರಗಿಟ್ಟಿರುವುದರಿಂದ, ನಿತ್ಯ ಯಾವುದನ್ನು ಬರೆದು ಇವರು ಬದುಕುತ್ತಾರೋ ಅದಕ್ಕೆ ಆ ಸೌಲಭ್ಯವಿಲ್ಲ. ವರ್ಷದ ಮೊತ್ತವು ಒಂದು ಮಿತಿಯನ್ನು ದಾಟಿದ ಕಡೆ ಹಣ ಕೊಡುವವರು ಶೇಕಡಾ 10ನ್ನು ತೆರಿಗೆಗೆಂದು ಮೊದಲೇ ಮುರಿದುಕೊಳ್ಳುತ್ತಾರೆ. ತೆರಿಗೆಗೆ ಒಳಪಡುವಷ್ಟು ಆದಾಯವೇ ಇಲ್ಲದವರು ಅದನ್ನು ಮರಳಿ ಪಡೆಯಲು ಲೆಕ್ಕಪತ್ರ ಸಲ್ಲಿಸಿ ಕಾಯಬೇಕು.

ಗ್ರಂಥಸ್ವಾಮ್ಯದ ವಿಷಯದಲ್ಲಿ ಮಾತ್ರ 1957ರ ಶಾಸನವು ಲೇಖಕರ ಪಕ್ಷದಲ್ಲಿ ದೃಢವಾಗಿಯೇ ನಿಂತಿದೆ. ಸಂಬಳಕ್ಕಿರುವ ಪತ್ರಕರ್ತನ ಬರೆಹದ ಪ್ರಕಟಣೆಯ ಹಕ್ಕು ಪತ್ರಿಕೆಯ ಒಡೆಯನಿಗೆ ಸಲ್ಲುವುದಾದರೆ, ಸ್ವತಂತ್ರ ಬರಹಗಾರನ ಬರೆಹ ಅವನದೇ. ಲಿಖಿತವಾದ ಕರಾರಿಲ್ಲದೆ ಆ ಹಕ್ಕು ಇನ್ನೊಬ್ಬರಿಗೆ ವರ್ಗವಾಗದು. ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಗಳಿಗೆ ಮಾತ್ರ ಸಲ್ಲತಕ್ಕದ್ದು. ಲೇಖಕನು ತೀರಿಕೊಂಡ ಮೇಲೂ 60 ವರ್ಷಗಳ ಕಾಲ ಅವನ ವಾರಸುದಾರರಿಗೆ ಆ ಸ್ವಾಮ್ಯವಿರುತ್ತದೆ. ಇಷ್ಟು ದೊಡ್ಡ ಆಸ್ತಿಯನ್ನು ನಮ್ಮ ಅನೇಕ ಲೇಖಕರು ಓದದೆಯೇ ರುಜು ಹಾಕಿದ ಒಂದು ಹಾಳೆಯಲ್ಲಿ ಬಿಟ್ಟುಕೊಟ್ಟಿರುವುದನ್ನು ಕಂಡಾಗ ವ್ಯಥೆಯಾಗುತ್ತದೆ. ಕರಾರನ್ನು ಓದಬೇಕೆಂದು ಕೇಳುವುದು ಅಪನಂಬಿಕೆಯ ಲಕ್ಷಣವೆಂದು ಭಾವಿಸುವ ಸಜ್ಜನಿಕೆ ನಮ್ಮಲ್ಲಿ ಬೇರೂರಿದೆ. ಪ್ರಕಾಶಕರೂ ಆ ಸಜ್ಜನಿಕೆಯನ್ನು ಬಹಳವಾಗಿ ಪ್ರಶಂಸಿಸುತ್ತಾರೆ.

ಹಣದ ಮಾತು ಬಂದೊಡನೆ ಸಾಹಿತ್ಯದ ಪಾವಿತ್ರ್ಯವನ್ನು ಮುಂದೊಡ್ಡುವ ಹಿರಿಯರಿಗೆ ನಾವು ಹೇಳತಕ್ಕದ್ದು ಹೆಚ್ಚಿಲ್ಲ. ಪತ್ರಿಕೆಯ ಕಾಗದಕ್ಕೂ, ಮುದ್ರಣಕ್ಕೂ, ಅಂಚೆಗೂ, ಕಟ್ಟುಗಳನ್ನು ರೈಲಿಗೆ ಹಾಕಿಬರುವ ಹುಡುಗನಿಗೂ ತಡಮಾಡದೆ ಹಣ ಕೊಡುತ್ತೇವೆ. ಅವರಾರನ್ನೂ ಸೇವಾಮನೋಭಾವದ ಪರೀಕ್ಷೆಗೆ ಒಡ್ಡಿದವರಿಲ್ಲ. ಇದರ ಜತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಂಬಳವುಳ್ಳವರಿಗೆ ಮಾತ್ರ ಅನುಕೂಲವಾದ ದರವನ್ನು ಇಟ್ಟುಕೊಂಡ ಪತ್ರಿಕೆಗೆ ಸಂಬಳವುಳ್ಳವರ ಜಗತ್ತೇ ಬಂದು ಸೇರುತ್ತದೆ. ಕಾಲೇಜಿನ ಅಧ್ಯಾಪಕರ ವಿಶ್ರಾಂತಿಯ ಕೊಠಡಿ ನಮ್ಮ ಕಥೆಗಳಲ್ಲಿ ಎಷ್ಟು ಸಲ ಬಂದಿದೆಯೆಂಬುದನ್ನು ಎಣಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯಿಂದ ರಾತ್ರಿ ಮನೆಗೆ ಬಂದು ಬರೆಯುವ ಹೆಣ್ಣುಮಗಳು, ಒಂದು ದಿನದ ಕೂಲಿಯನ್ನು ಬಿಟ್ಟು ಕಥೆಯನ್ನು ಮುಗಿಸಿದರೆ, ಆ ಒಂದು ದಿನದ ಕೂಲಿಯಾದರೂ ಕಥೆಯಿಂದ ಹುಟ್ಟಬೇಡವೆ?

ನಮ್ಮದು ಸಣ್ಣ ಪತ್ರಿಕೆ. ವೇತನ ಮಂಡಳಿಯ ಕೆಲಸವನ್ನು ಮಾಡುವ ಶಕ್ತಿ ನಮಗಿಲ್ಲ. ಕೈಲಾದಷ್ಟನ್ನು ಈ ಸಂಚಿಕೆಯಿಂದ ನಿಯಮವಾಗಿ ಮಾಡಿಕೊಂಡಿದ್ದೇವೆ. ಬಂದ ಲೇಖನದ ವಿಷಯವಾಗಿ ಸ್ವೀಕಾರ ಅಥವಾ ಅಸ್ವೀಕಾರವನ್ನು ಆರು ವಾರಗಳೊಳಗೆ ತಿಳಿಸಲಾಗುವುದು. ತಿಳಿಸದಿದ್ದರೆ ಲೇಖಕರು ಯಾವ ಸಂಕೋಚವೂ ಇಲ್ಲದೆ ಅದನ್ನು ಬೇರೆಡೆಗೆ ಕಳುಹಿಸಬಹುದು. ಕಥೆ, ಪ್ರಬಂಧ, ಕವಿತೆ, ಅನುವಾದ ಇವುಗಳ ದರವನ್ನು ವಿಷಯಸೂಚಿಯ ಕೆಳಗೆ ಅಚ್ಚು ಹಾಕಿದ್ದೇವೆ. ಅನುವಾದಕ್ಕೆ ಮೂಲದ ಪದಗಳೇ ಲೆಕ್ಕ. ಸಂಚಿಕೆ ಹೊರಬಿದ್ದ ತಿಂಗಳ 15ನೆಯ ತಾರೀಖಿನೊಳಗೆ ಹಣ ಸಂದಾಯವಾಗುವುದು. ಒಂದು ಸಲ ಪ್ರಕಟಿಸುವ ಹಕ್ಕಿನ ಹೊರತು ಬೇರಾವ ಹಕ್ಕನ್ನೂ ನಾವು ಕೇಳುವುದಿಲ್ಲ. ಯುನಿಕೋಡಿನಲ್ಲಿ ಬಂದ ಬರೆಹವನ್ನು ಪರಿವರ್ತಿಸಿ ತಿದ್ದುವ ಹೊಣೆ ಕಚೇರಿಯದು.

ಇದಕ್ಕೆ ಬೇಕಾದ ಹಣವನ್ನು ಜಾಹೀರಾತಿನಿಂದ ನಿರೀಕ್ಷಿಸುವಂತಿಲ್ಲವಾದುದರಿಂದ ವಾರ್ಷಿಕ ಚಂದಾವನ್ನು ಹೆಚ್ಚಿಸಬೇಕಾಗಿ ಬಂದಿದೆ. ಹೊಸ ದರವು ಕೊನೆಯ ಪುಟದಲ್ಲಿದೆ. ಈಗಾಗಲೇ ಚಂದಾ ಕಳುಹಿಸಿರತಕ್ಕವರು ಅವಧಿ ಮುಗಿಯುವವರೆಗೆ ಹೆಚ್ಚಿನ ಹಣವನ್ನು ಕೊಡಬೇಕಾಗಿಲ್ಲ.