ಮಾತ್ರೆ ಡಬ್ಬಿ ತುಂಬುವವರು ಯಾರು?



ಹೊತ್ತಿಗೆ ಸರಿಯಾಗಿ ಸದ್ದು ಮಾಡಿ, ಆ ಹೊತ್ತಿನ ಮಾತ್ರೆಗಳನ್ನಷ್ಟೇ ಹೊರಗೆ ನೀಡುವ ಸ್ವಯಂಚಾಲಿತ ಡಬ್ಬಿಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮುಂಬೈ, ದುಬೈಗಳಲ್ಲಿರುವ ಮಕ್ಕಳು ಬೆಳುವಾಯಿ, ಮೂಡುಬಿದಿರೆ ಕಡೆಯ ತಂದೆತಾಯಿಗೆ ಇಂಥದ್ದನ್ನು ಕಳಿಸಲು ಯೋಚಿಸುವುದು ಸಹಜ. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಎಂದು ಹಲವು ಮಾತ್ರೆ ನುಂಗುವವರು, ತೆಗೆದುಕೊಂಡದ್ದನ್ನು ಮರೆತು ಮತ್ತೊಮ್ಮೆ ನುಂಗದಂತೆ ಬೀಗವಿರುವ ಡಬ್ಬಿ ತಡೆಯುತ್ತದೆ.

ಆದರೆ ನುಂಗಿದರೋ ಇಲ್ಲವೋ ಅದಕ್ಕೆ ತಿಳಿಯದು. ತುಂಬಲು ಒಬ್ಬರು ಬೇಕೇ ಬೇಕು. ತುಂಬುವಾಗ ತಪ್ಪಿದರೆ ಯಂತ್ರ ಆ ತಪ್ಪನ್ನೇ ನಿಮಿಷ ತಪ್ಪದೆ ಕೊಡುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ದಿನವೂ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಅಪಾಯ. ನಮ್ಮ ಮಳೆಗಾಲವೂ ಇದೆಯಲ್ಲ! ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್‌ನಂಥ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿಟ್ಟರೆ ತೇವ ಹೀರಿ ಕೆಡುತ್ತವೆ. ಕರೆಂಟು ಹೋದಾಗ ನಡೆಯಲು ಬ್ಯಾಟರಿ ಇದೆಯೇ ಎಂದೂ ನೋಡಬೇಕು.

ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಮನೆ ಬಾಗಿಲಿಗೆ ತರುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿತು. ಅಂಥ ಭೇಟಿಗಳಲ್ಲೇ ಒಂಟಿ ಹಿರಿಯರ ಮಾತ್ರೆ ಡಬ್ಬಿಯನ್ನೂ ಒಮ್ಮೆ ಪರಿಶೀಲಿಸುವಂತಾಗಲಿ. ಆಶಾ ಕಾರ್ಯಕರ್ತೆಯರಿಗೆ ಅದನ್ನು ಬಿಟ್ಟಿ ಕೆಲಸವಾಗಿ ಹೊರಿಸದೆ, ಪ್ರತ್ಯೇಕ ಪ್ರೋತ್ಸಾಹಧನ ಕೊಡಬೇಕು. ಮೆಡಿಕಲ್ ಅಂಗಡಿಯವರೂ ಯಾವ ಮಾತ್ರೆ, ಯಾವ ಹೊತ್ತಿಗೆ, ಊಟದ ಮೊದಲೋ ನಂತರವೋ ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡಲಿ. ನೆನಪು ಚೆನ್ನಾಗಿದ್ದವರಿಗೆ ಯಂತ್ರವೇ ಬೇಕಿಲ್ಲ, ಏಳು ದಿನದ ಖಾನೆಗಳಿರುವ ಅಗ್ಗದ ಪ್ಲಾಸ್ಟಿಕ್ ಡಬ್ಬಿ ಸಾಕು.

– ಓದುಗ, ಬೆಳುವಾಯಿ